ಹಳೆ 800 ಒಂದು ಕಡೆ ವಾಲಿದರೆ: ಶಾಕ್ ಅಬ್ಸಾರ್ಬರ್ ಬಿಡಿ, ಸ್ಪ್ರಿಂಗ್ ನೋಡಿ

ಸರ್, ನಿಮ್ಮ 2004ರ ಮಾರುತಿ 800 ಹಿಂದೆ ಬಲಗಡೆ ಎರಡು ಬೆರಳು ಕೆಳಗಿದೆ, ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೊಸದು ಹಾಕಿಸಿದರೂ ಹಾಗೇ ಇದೆ, ಈಗ ಮೆಕ್ಯಾನಿಕ್ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕೋಣ ಅಂತಿದ್ದಾರೆ ಅಂತ ಬರೆದಿದ್ದೀರಿ. ಬಫರ್ ಸದ್ಯಕ್ಕೆ ಬೇಡ ಅನ್ನಿ. ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಬರೀ ಕುಣಿತ ನಿಲ್ಲಿಸುತ್ತದೆ. ಆಯಿಲ್ ಶಾಕನ್ನು ಕೈಯಲ್ಲಿ ಒತ್ತಿ ನೋಡಿ, ಒತ್ತಿದಲ್ಲೇ ನಿಲ್ಲುತ್ತದೆ. ಗ್ಯಾಸ್ ತುಂಬಿದ್ದು ಸ್ವಲ್ಪ ತಳ್ಳುತ್ತದೆ ನಿಜ, ಆದರೆ ಎರಡು ಬೆರಳು ಎತ್ತುವಷ್ಟು ತಾಕತ್ತು ಅದಕ್ಕಿಲ್ಲ.

ಮೊದಲು ಗಾಡಿ ನಿಜವಾಗಿ ವಾಲಿದೆಯಾ ನೋಡಿಕೊಳ್ಳಿ. ರಸ್ತೆ ಅಂಚಿನಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ, ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಅಲ್ವಾ. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಮಟ್ಟದ ಪೈಪ್ ಇರುತ್ತದೆ, ಅದರಲ್ಲಿ ನೆಲ ನೋಡಿಕೊಂಡರೆ ಸಾಕು. ಡಿಕ್ಕಿ ಖಾಲಿ ಮಾಡಿ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಸೈಜೂ ಓದಿ. 800ಕ್ಕೆ ಬರುವುದು 145/70 ಆರ್12, ಆಲ್ಟೊದ್ದು 145/80 ಆರ್12, ಎರಡೂ ಅದೇ ರಿಮ್ಮಿಗೆ ಕೂರುತ್ತವೆ. ಒಂದು ಕಡೆ ಆಲ್ಟೊದ ಟೈರ್ ಬಿದ್ದಿದ್ದರೆ ಅಲ್ಲೇ ಸುಮಾರು 14 ಮಿಲಿಮೀಟರ್ ಎತ್ತರ ಹೆಚ್ಚಾಯಿತು! ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಹೀಗೆ ಬೆರಕೆ ಆಗುವುದು ಏನೂ ಅಪರೂಪ ಅಲ್ಲ.

ಅದಕ್ಕೇ ನೆಲದಿಂದ ಅಳೆಯಬೇಡಿ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿಯಿರಿ, ನಾಲ್ಕೂ ಕಡೆ. ಟಿಂಕರಿಂಗ್ ಆದ ಗಾಡಿಯಾದರೆ ಫೆಂಡರ್ ಅಂಚನ್ನೂ ಪೂರ್ತಿ ನಂಬುವ ಹಾಗಿಲ್ಲ, ಬಾಗಿಲ ಕೆಳಗೆ ಜಾಕ್ ಕೊಡುವ ಜಾಗದಿಂದ ನೆಲದವರೆಗೂ ಒಂದು ಸಲ ಅಳೆದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ 10 ಮಿಲಿಮೀಟರ್ ಒಳಗೆ ವ್ಯತ್ಯಾಸ ಇದ್ದರೆ, ಇಷ್ಟು ವರ್ಷದ ಗಾಡಿಗೆ, ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಮುಖ್ಯ ವಿಷಯ. ಹಿಂದೆ ಬಲಗಡೆ ಕೆಳಗಿದೆ ಅಂದ ಮಾತ್ರಕ್ಕೆ ಹಿಂದಿನ ಬಲ ಸ್ಪ್ರಿಂಗೇ ಕಳ್ಳ ಅಂತ ಅಲ್ಲ. ಬಾಡಿ ಒಂದೇ ತುಂಡು, ಒಂದು ಮೂಲೆ ಕುಸಿದರೆ ಕಾಲು ಗಿಡ್ಡವಾದ ಮಂಚದ ಹಾಗೆ ಇಡೀ ವಾಲುತ್ತದೆ. ಮುಂದಿನ ಬಲ ಸ್ಪ್ರಿಂಗ್ ಸೋತಿದ್ದರೂ ಹಿಂದಿನ ಬಲಗಡೆ, ಹಿಂದಿನ ಎಡಕ್ಕಿಂತ ಕೆಳಗೇ ಕಾಣುತ್ತದೆ. ಟೇಪಿನಲ್ಲಿ ಇದು ಗೊತ್ತಾಗುವುದಿಲ್ಲ, ಜಾಕ್ ಬೇಕು.

ಟ್ರಾಲಿ ಜಾಕನ್ನು ಮುಂದೆ ಸರಿಯಾಗಿ ನಡುವೆ ಕ್ರಾಸ್ ಮೆಂಬರ್ (ಗಾಡಿ ಅಡಿಯ ಗಟ್ಟಿ ಅಡ್ಡಪಟ್ಟಿ) ಅಡಿಗೆ ಕೊಡಿ, ಮೇಲೊಂದು ಸಣ್ಣ ಮರದ ತುಂಡು ಇಡಿ. ಆಯಿಲ್ ಚೇಂಬರಿಗೆ ತಾಗಿಸಬೇಡಿ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಮುಂದಿನ ಚಕ್ರಗಳು ನೆಲ ಬಿಡುವಷ್ಟು ಮಾತ್ರ ಎತ್ತಿ. ಈಗ ಮುಂಭಾಗ ಒಂದೇ ಬಿಂದುವಿನ ಮೇಲಿದೆ, ಮುಂದಿನ ಸ್ಪ್ರಿಂಗ್‌ಗಳು ಗಾಡಿಯನ್ನು ವಾಲಿಸುವ ಹಾಗಿಲ್ಲ. ಹಿಂದೆ ಅಳೆಯಿರಿ. ಎಡಬಲ ಸಮ ಬಂದರೆ ಹಿಂದಿನ ಸ್ಪ್ರಿಂಗ್‌ಗಳದ್ದು ತಪ್ಪಿಲ್ಲ, ತೊಂದರೆ ಮುಂದಿದೆ. ಇನ್ನೂ ವಾಲಿದ್ದರೆ ಹಿಂದೆಯೇ. ಆಮೇಲೆ ಹಿಂದಿನ ಆಕ್ಸಲ್ ನಡುವೆ ಜಾಕ್ ಕೊಟ್ಟು ಮುಂದೆಯೂ ಹಾಗೇ ನೋಡಿ. ಆಗ ಹ್ಯಾಂಡ್ ಬ್ರೇಕ್ ಉಪಯೋಗಕ್ಕೆ ಬರುವುದಿಲ್ಲ, ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಗೇರಿನಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಮೇಲಿರುವಾಗ ಗಾಡಿ ಕೆಳಗೆ ಯಾರೂ ನುಗ್ಗಬೇಡಿ. ಇಳಿಸಿದ ಮೇಲೆ ಗಾಡಿಯನ್ನು ನಾಲ್ಕು ಅಡಿ ಹಿಂದೆ ಮುಂದೆ ತಳ್ಳದೆ ಅಳೆದರೆ ಅಳತೆ ಸುಳ್ಳು ಬರುತ್ತದೆ.

ತಪ್ಪು ಹಿಂದೆಯೇ ಅಂತಾದರೆ ಹೊಸದು ಕೊಳ್ಳುವ ಮುಂಚೆ ಎಡ ಬಲ ಸ್ಪ್ರಿಂಗ್ ಅದಲು ಬದಲು ಮಾಡಿಸಿ. ವಾಲುವಿಕೆ ಎಡಕ್ಕೆ ಬಂದರೆ ಸ್ಪ್ರಿಂಗೇ ಸೋತಿದೆ. ಬಲಕ್ಕೇ ಉಳಿದರೆ ಸ್ಪ್ರಿಂಗ್ ಕೂರುವ ಜಾಗ ತುಕ್ಕು ಹಿಡಿದು ಕುಸಿದಿದೆಯಾ ನೋಡಿ, ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇದನ್ನೇ ಮೊದಲು ನೋಡಿ. ಬಿಚ್ಚಿದ ಸ್ಪ್ರಿಂಗ್ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡುವುದು ಒಳ್ಳೆಯದು, ಆದರೆ ಉದ್ದ ಸಮ ಇದ್ದರೂ ಭಾರ ಬಿದ್ದಾಗ ಒಂದು ಜಾಸ್ತಿ ಕುಗ್ಗಬಹುದು. ಕೊನೆಯ ಸುತ್ತಿನ ತುದಿ ಸ್ಪ್ರಿಂಗ್ ಸೀಟಿನ (ಅದು ಕೂರುವ ತಟ್ಟೆಯ) ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿರಬೇಕು. ಶಾಕ್ ಬದಲಿಸುವಾಗ ಅದು ತಿರುಗಿ ಕೂತಿರುವ ಸಾಧ್ಯತೆಯೂ ಇದೆ.

ತಪ್ಪು ಮುಂದಿದ್ದರೆ ಸ್ಟ್ರಟ್‌ನ (ಶಾಕ್, ಸ್ಪ್ರಿಂಗ್ ಎರಡೂ ಒಟ್ಟಿಗಿರುವ ಜೋಡಣೆ) ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿದೆಯಾ ಟಾರ್ಚ್ ಹಾಕಿ ನೋಡಿ, ಮುರಿದ ತುಂಡು ಸೀಟಿನೊಳಗೆ ಅಡಗಿ ಕೂತಿರುತ್ತದೆ. ಮೇಲಿನ ಮೌಂಟ್ ರಬ್ಬರ್ ಕುಸಿದಿದ್ದರೂ ಎತ್ತರ ಇಳಿಯುತ್ತದೆ. ಸ್ಟ್ರಟ್ ಬಿಚ್ಚುವುದನ್ನು ಸ್ಪ್ರಿಂಗ್ ಕಂಪ್ರೆಸರ್ ಇರುವವರಿಗೇ ಬಿಡಿ. ತಂತಿ ಕಟ್ಟಿ ಬಿಚ್ಚುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ, ಮುಖಕ್ಕೆ ಹಾರಿದರೆ ಕಥೆ ಮುಗಿಯಿತು.

ಸ್ಪ್ರಿಂಗ್ ಹಾಕಿದರೆ ಜೋಡಿಯಾಗಿಯೇ ಹಾಕಿ. 800 ತಯಾರಿಕೆ 2014ರಲ್ಲೇ ನಿಂತಿದೆ, ಆದರೂ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಕಡೆ ವಿಚಾರಿಸಿ ನೋಡಿ. ಆಲ್ಟೊದ್ದು ಆಗುತ್ತೆ ಸರ್ ಅಂದರೆ ಪಾರ್ಟ್ ನಂಬರ್ ಹೋಲಿಸದೆ ದುಡ್ಡು ಕೊಡಬೇಡಿ. ಹಳೆಯದನ್ನೇ ಕುಲುಮೆಯಲ್ಲಿ ಕಾಯಿಸಿ ಎಳೆಸುವುದು ಸುಮ್ನೆ ದಂಡ, ಹದ ಹೋಗಿ ಮತ್ತೆ ಕುಸಿಯುತ್ತದೆ. ರಬ್ಬರ್ ಬಫರ್ ಕಥೆಯೂ ಅಷ್ಟೇ, ಆ ಜಾಗದ ಸುತ್ತುಗಳು ಕೆಲಸ ನಿಲ್ಲಿಸುತ್ತವೆ, ಉಳಿದವುಗಳ ಮೇಲೆ ಭಾರ ಜಾಸ್ತಿ.

ಇನ್ನೊಂದು ಮರೆಯಬೇಡಿ. ಟ್ರೇಲಿಂಗ್ ಆರ್ಮ್ (ಹಿಂದಿನ ಆಕ್ಸಲನ್ನು ಬಾಡಿಗೆ ಹಿಡಿದಿಡುವ ತೋಳು) ಬೋಲ್ಟುಗಳನ್ನು ಗಾಡಿ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ರಬ್ಬರ್ ಬುಷ್ ಆ ಕೋನದಲ್ಲೇ ಹಿಡಿದುಕೊಂಡು, ಇಳಿಸಿದಾಗ ತಿರುಚಿ ಎತ್ತರ ಕೆಡಿಸುತ್ತದೆ, ಬೇಗ ಹರಿದೂ ಹೋಗುತ್ತದೆ. ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆ ಕೊನೆಯ ಬಿಗಿ. ನಿಮ್ಮದು ಈಚೆಗೆ ಬಿಚ್ಚಿದ ಗಾಡಿ, ಆ ಬೋಲ್ಟುಗಳಿಗೂ ಕೈ ಹಾಕಿದ್ದರಾ ಕೇಳಿ. ಹಾಕಿದ್ದರೆ ಅವನ್ನು ಸಡಿಲಿಸಿ, ನೆಲದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿಸಿ ನೋಡಿ, ಇದಕ್ಕೆ ಖರ್ಚೇ ಇಲ್ಲ.

ಎಲ್ಲ ಆದ ಮೇಲೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಮಟ್ಟ ಎರಡೂ ಮಾಡಿಸಿ. ಜಾಕ್ ಕೊಡುವ ಮುಂಚಿನ ನಾಲ್ಕು ಅಳತೆ, ಕೊಟ್ಟ ಮೇಲಿನ ಅಳತೆ ಇಲ್ಲೇ ಹಾಕಿ, ಯಾವ ಮೂಲೆ ಅಂತ ನೋಡೋಣ.