ಟೀಚರ್ ಕೈಗೆ ಗನ್ ಕೊಡಬೇಕಾ?

ಟೆಕ್ಸಾಸ್‌ನಲ್ಲಿರುವ ಕನ್ನಡಿಗ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಮೂರನೇ ತರಗತಿ. ಶಾಲೆಗೆ ಶಸ್ತ್ರಧಾರಿ ಕಾವಲಿನವರು ಸಿಗುತ್ತಿಲ್ಲ. ಒಪ್ಪುವ ಟೀಚರ್‌ಗಳಿಗೇ ತರಬೇತಿ ಕೊಟ್ಟು ಗನ್ ಕೊಡೋಣ ಅಂತ ಅಲ್ಲಿನ ಶಾಲಾ ಮಂಡಳಿ ಯೋಚಿಸುತ್ತಿದೆಯಂತೆ. "ನಮ್ಮ ಯಜಮಾನರಿಗೆ ಇದು ಸರಿ ಅನ್ನಿಸಿದೆ, ನನಗೆ ಭಯ. ನೀವೇನಂತೀರಿ?" ಎಂದು ಕೇಳಿದ್ದಾರೆ.

ಪ್ರೀತಿಯ ಸೋದರಿ,

ನಿಮ್ಮ ಯಜಮಾನರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 2022ರ ಮೇ 24ರಂದು ನಿಮ್ಮದೇ ರಾಜ್ಯದ ಉವಾಲ್ಡೆಯಲ್ಲಿ ಶಾಲೆಗೆ ಗನ್ ಹಿಡಿದು ನುಗ್ಗಿದವನ ಗುಂಡಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಸುಮಾರು 400 ಪೊಲೀಸರು ಬಂದಿದ್ದರು. ಆದರೂ ಕೊಲೆಗಾರನನ್ನು ಮುಗಿಸಲು 77 ನಿಮಿಷ ಹಿಡಿಯಿತು. ಇದನ್ನು ಓದಿದ ಯಾವ ತಂದೆಗಾದರೂ, ಒಳಗಿದ್ದ ಟೀಚರ್ ಹತ್ತಿರವೇ ಒಂದು ಗನ್ ಇರಬಾರದಿತ್ತಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಹಾಗೆ ಗನ್ ಕೊಟ್ಟ ಕಡೆ ಏನಾಯಿತು ನೋಡೋಣ. 2014ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಪೇಶಾವರದ ಸೈನಿಕ ಶಾಲೆಗೆ ಉಗ್ರರು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಆಮೇಲೆ ಅಲ್ಲಿನ ಖೈಬರ್ ಪಖ್ತುನ್‌ಖ್ವಾ ಪ್ರಾಂತ್ಯದ ಸರ್ಕಾರ ಟೀಚರ್‌ಗಳು ಗನ್ ಇಟ್ಟುಕೊಳ್ಳಬಹುದು ಎಂದಿತು. 2016ರ ಜನವರಿಯಲ್ಲಿ ಚಾರ್ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ಪಿಸ್ತೂಲು ಹಿಡಿದು ಎದುರು ನಿಂತರು. ಹುಡುಗರಿಗೆ ಓಡಲು ಸಮಯ ಸಿಕ್ಕಿತು. ಅವರು ಮಾತ್ರ ಉಳಿಯಲಿಲ್ಲ. ಅವರನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಆದರೆ ಅದಕ್ಕೂ ಮೊದಲು, 2015ರಲ್ಲಿ, ಅದೇ ಪ್ರಾಂತ್ಯದ ಸ್ವಾತ್‌ನಲ್ಲಿ ಒಬ್ಬ ಟೀಚರ್ ತನ್ನ ಗನ್ ಒರೆಸುತ್ತಿದ್ದರು. ಗುಂಡು ಹಾರಿತು. ಅವರದೇ ಶಾಲೆಯ ಹುಡುಗ ಸತ್ತ. ಅವತ್ತು ಯಾವ ಉಗ್ರನೂ ಬಂದಿರಲಿಲ್ಲ.

ನನ್ನ ಭಯ ಇದೇ. ದಾಳಿ ಬಂದರೆ ಯಾವತ್ತೋ ಒಂದು ದಿನ. ಬಹುಪಾಲು ಶಾಲೆಗಳಿಗೆ ಎಂದೂ ಬರುವುದಿಲ್ಲ. ಗನ್ ಮಾತ್ರ ದಿನಾ ಬರುತ್ತದೆ. ಟೀಚರ್ ಬಗ್ಗಿ ಮಗುವಿನ ಶೂ ಲೇಸ್ ಕಟ್ಟುವಾಗಲೂ ಸೊಂಟದಲ್ಲಿರುತ್ತದೆ. ಜಗಳ ಬಿಡಿಸುವಾಗಲೂ ಇರುತ್ತದೆ.

ಇನ್ನು ತರಬೇತಿ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಜನ ಸತ್ತಾಗ, ಕಾವಲಿಗಿದ್ದ ಶಸ್ತ್ರಧಾರಿ ಪೊಲೀಸ್ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ಅದೇ ಕೆಲಸ ಮಾಡುವವರ ಪಾಡೇ ಹೀಗೆ. ಒಹಾಯೋ ರಾಜ್ಯವಂತೂ 2022ರಲ್ಲಿ, ಟೀಚರ್‌ಗಳಿಗೆ 24 ಗಂಟೆ ತರಬೇತಿ ಸಾಕು ಎಂದುಬಿಟ್ಟಿತು. ಮೊದಲು 700 ಗಂಟೆಗೂ ಜಾಸ್ತಿ ಬೇಕಿತ್ತು. ಟೀಚರ್‌ಗಳನ್ನೇ ಕೇಳಿದರೆ? ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ಶೇ. 54ರಷ್ಟು ಟೀಚರ್‌ಗಳು, ಟೀಚರ್‌ಗಳು ಗನ್ ಇಟ್ಟುಕೊಂಡರೆ ಶಾಲೆಯ ಸುರಕ್ಷತೆ ಕಡಿಮೆಯಾಗುತ್ತದೆ ಎಂದಿದ್ದಾರೆ. ಹೆಚ್ಚುತ್ತದೆ ಎಂದವರು ಶೇ. 20.

ಹಾಗಾಗಿ ನನ್ನ ಉತ್ತರ, ಬೇಡ.

ಹಾಗಂತ ಕೈಕಟ್ಟಿ ಕೂರಬೇಡಿ. ಮಂಡಳಿಯ ಸಭೆಗೆ ಇಬ್ಬರೂ ಹೋಗಿ. ಮೊದಲು ಬಾಗಿಲುಗಳ ವಿಷಯ ಕೇಳಿ. ಉವಾಲ್ಡೆಯಲ್ಲಿ ದಾಳಿ ನಡೆದ 111ನೇ ಕೋಣೆಯ ಬೀಗ ಸರಿಯಾಗಿ ಬೀಳುವುದಿಲ್ಲ ಅಂತ ಶಾಲೆಯವರಿಗೆ ಗೊತ್ತಿತ್ತು. ರಿಪೇರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ನಿಮ್ಮ ಮಗಳ ಕ್ಲಾಸಿನ ಬೀಗ ಬೀಳುತ್ತದೆಯಾ ಅಂತ ಕೇಳಲು ಯಾವ ಸಂಕೋಚವೂ ಬೇಡ.

ಇನ್ನೊಂದು ಮಾತು, ಇದು ನಮ್ಮವರಿಗೆ ಸ್ವಲ್ಪ ಕಷ್ಟದ್ದು. ಶಾಲೆಗೆ ಗನ್ ತಂದು ದಾಳಿ ಮಾಡಿದ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲಿನವರಿಗೆ ಅದು ಸಿಕ್ಕಿದ್ದು ಅಪ್ಪ ಅಮ್ಮ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಅಮೆರಿಕದ ಅಧ್ಯಕ್ಷರ ಕಾವಲು ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಹೇಳಿದೆ. 2023ರಲ್ಲಿ ವರ್ಜೀನಿಯಾದಲ್ಲಿ ಆರು ವರ್ಷದ ಮಗುವೊಂದು ಅಮ್ಮನ ಗನ್ ತಂದು ತನ್ನ ಟೀಚರ್‌ಗೇ ಗುಂಡು ಹಾರಿಸಿತು, ನೆನಪಿದೆ ಅಲ್ವಾ? ಮಗಳನ್ನು ಗೆಳತಿಯ ಮನೆಗೆ ಆಡಲು ಕಳಿಸುವಾಗ "ಅವಳಿಗೆ ಕಡಲೆಕಾಯಿ ಆಗಲ್ಲ" ಅಂತ ಹೇಳಿ ಕಳಿಸುತ್ತೇವೆ. ಅಷ್ಟೇ ಸಲೀಸಾಗಿ ಇದನ್ನೂ ಕೇಳಿ: "ನಿಮ್ಮ ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿ ಇಟ್ಟಿದ್ದೀರಾ?" ಮೊದಲ ಸಲ ಬಾಯಿ ಬರುವುದಿಲ್ಲ. ಫೋನಿನಲ್ಲಿ ಕೇಳಲು ಕಷ್ಟವಾದರೆ ಮೆಸೇಜ್ ಹಾಕಿ.

– ಸಂಪಾದಕ