ಪಡುಗಾಳಿ ಅಲ್ಲಿ ದಡ ಸೇರಿಸುವುದಿಲ್ಲ

ಪ್ರಶ್ನೆ: ಶಿರಿಯ ಹೊಳೆಯ ಹಿನ್ನೀರಿನಲ್ಲಿ ಎರಡು ವರ್ಷಗಳಿಂದ ಕಯಾಕ್‌ನಲ್ಲಿ ಕುಳಿತು ಗಾಳ ಹಾಕುತ್ತಿದ್ದೇನೆ. ಕಡಲು ಶಾಂತವಾಗಿರುವ ದಿನಗಳಲ್ಲಿ ಅಳಿವೆ ದಾಟಿ ಹೊರಗೆ ಹೋದದ್ದೂ ಉಂಟು. ಡಿಸೆಂಬರ್ ಕೊನೆಯಲ್ಲಿ ಶಾರ್ಜಾದಲ್ಲಿರುವ ಅಣ್ಣನಲ್ಲಿಗೆ ಹೋಗುವವನಿದ್ದು, ಅವನ ಕಾರಿನಲ್ಲಿ ಎಂಟು ದಿನ ಒಮಾನಿನ ಕರಾವಳಿಯುದ್ದಕ್ಕೂ, ಮುಸಂದಮ್‌ನಿಂದ ಸೂರ್‌ವರೆಗೆ, ಮೀನು ಹಿಡಿಯುತ್ತ ಸಾಗುವ ಆಸೆಯಿದೆ. ನನ್ನ 12 ಅಡಿಯ ಕಯಾಕ್ ಅನ್ನು ವಿಮಾನದಲ್ಲಿ ಒಯ್ಯಬಹುದೆ? ಬೇರೆ ಏನೇನು ಸಿದ್ಧತೆ ಬೇಕು?
— ಓದುಗರು, ಉಪ್ಪಳ

ಉತ್ತರ: ಕಯಾಕ್ ಮನೆಯಲ್ಲೇ ಇರಲಿ. 12 ಅಡಿಯ ಗಟ್ಟಿ ಪ್ಲಾಸ್ಟಿಕ್ ದೋಣಿಯನ್ನು ಮಂಗಳೂರಿನಿಂದಾಗಲಿ ಕಣ್ಣೂರಿನಿಂದಾಗಲಿ ಪ್ರಯಾಣಿಕರ ಸಾಮಾನಿನೊಂದಿಗೆ ಒಯ್ಯುವುದು ಆಗುವ ಮಾತಲ್ಲ. ಬಳಸಿದ ಕಯಾಕ್ ಒಂದನ್ನು ಅಲ್ಲೇ ಕೊಂಡು, ಹಿಂದಿರುಗುವಾಗ ಮಾರಿಬಿಡುವಂತೆ ಅಣ್ಣನಿಗೆ ಈಗಲೇ ಹೇಳಿಡಿ. ಗಾಳದ ಕೋಲುಗಳನ್ನು ಪಿವಿಸಿ ಪೈಪಿನೊಳಗಿಟ್ಟು ಎರಡೂ ಬಾಯಿ ಮುಚ್ಚಿ, ಕೊಕ್ಕೆ ಮತ್ತು ಚಾಕುಗಳ ಜೊತೆಗೆ ಚೆಕ್-ಇನ್ ಸಾಮಾನಿಗೆ ಹಾಕಿ. ಪವರ್ ಬ್ಯಾಂಕ್ ಹಾಗೂ ಮೀನು ಪತ್ತೆ ಯಂತ್ರದ ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ಕೈಚೀಲದಲ್ಲಿರಬೇಕು. ಗ್ಯಾಸ್ ಸಿಲಿಂಡರಿನಿಂದ ಉಬ್ಬುವ ಲೈಫ್ ಜಾಕೆಟ್‌ಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕಾಗುವುದರಿಂದ ಫೋಮ್ ತುಂಬಿದ್ದನ್ನೇ ಒಯ್ಯುವುದು ಲೇಸು.

ಕಾಗದಪತ್ರಗಳಲ್ಲಿ ನಮ್ಮ ಊರಿನವರು ಎಡವುವುದು ಒಂದೇ ಕಡೆ. ಯುಎಇಗೆ ನೀವು ಒಂದೇ ಪ್ರವೇಶದ ವಿಸಿಟ್ ವೀಸಾದಲ್ಲಿ ಹೋದರೆ, ಒಮಾನಿನ ಗಡಿ ದಾಟಿದೊಡನೆ ಅದು ಮುಗಿದಂತೆ. ಅಣ್ಣ ತನ್ನ ರೆಸಿಡೆನ್ಸಿಯ ಬಲದಿಂದ ಶಾರ್ಜಾಕ್ಕೆ ಮರಳುತ್ತಾರೆ, ನೀವು ಗಡಿಯಲ್ಲಿ ಉಳಿಯುತ್ತೀರಿ. ಆದ್ದರಿಂದ ಬಹುಪ್ರವೇಶದ ವೀಸಾವನ್ನೇ ಕೇಳಿ ಪಡೆಯಿರಿ. ಒಮಾನಿನದನ್ನು ರಾಯಲ್ ಒಮಾನ್ ಪೊಲೀಸ್ ಜಾಲತಾಣದಲ್ಲಿ ಮೊದಲೇ ಮಾಡಿಸಿಕೊಳ್ಳಿ. ಅಲ್ಲಿನ ಲೈಸನ್ಸ್ ಅಣ್ಣನ ಬಳಿ ಇರುವುದರಿಂದ ಕಾರು ಅವರೇ ಓಡಿಸಲಿ. ಕಾರಿನ ವಿಮೆ ಒಮಾನಿಗೂ ಅನ್ವಯಿಸುತ್ತದೆಂದು ಬರಹದಲ್ಲಿರಬೇಕು.

ಮುಸಂದಮ್ ಮತ್ತು ಸೂರ್ ಎರಡನ್ನೂ ಒಂದೇ ಪ್ರವಾಸಕ್ಕೆ ಪೋಣಿಸಿದ್ದು ಭೂಪಟ ನೋಡದೆ ಹಾಕಿದ ಲೆಕ್ಕ. ಮುಸಂದಮ್ ಒಮಾನಿನದೇ ಆದರೂ ನೆಲದ ಮೇಲೆ ಅದು ಉಳಿದ ಒಮಾನಿನಿಂದ ಬೇರೆಯಾಗಿದೆ. ನಡುವೆ ಯುಎಇಯ ನೆಲವಿದೆ. ಎಂದರೆ ಒಳಗೆ, ಹೊರಗೆ, ಮತ್ತೆ ಒಳಗೆ. ಅದರಾಚೆಗೆ ಹಡಗುಗಳ ದಟ್ಟಣೆಯ, ಸೈನ್ಯದ ಕಣ್ಣಿರುವ ಹಾರ್ಮುಜ್ ಜಲಸಂಧಿಯಿದೆ. ಗಾಳ ಹಿಡಿದು ಅಲೆಯುವ ಹೊಸಬನಿಗೆ ಅದು ತಕ್ಕ ಜಾಗವಲ್ಲ. ಹತ್ತಾ ದಾರಿಯಾಗಿ ಗಡಿ ದಾಟಿ ಮಸ್ಕತ್ ಸೇರಿ, ಅಲ್ಲಿಂದ ಕುರಿಯಾತ್, ಫಿನ್ಸ್, ತೀವಿ ಮಾರ್ಗವಾಗಿ ಸೂರ್‌ಗೆ ಹೋಗುವ ಸುಮಾರು 200 ಕಿಲೋಮೀಟರ್‌ಗಳನ್ನು ನಾಲ್ಕೈದು ದಿನ ನಿಧಾನವಾಗಿ ನೋಡಿ. ಸೂರ್ ಎಂದರೆ ಮರದ ಹಡಗು ಕಟ್ಟುವವರ ಊರು. ಅದಕ್ಕೆ ಬೇಕಾದ ತೇಗವು ಒಂದು ಕಾಲದಲ್ಲಿ ನಮ್ಮ ಮಲಬಾರಿನಿಂದಲೇ ಹೋಗುತ್ತಿತ್ತು.

ಇನ್ನು ಗಾಳಿಯ ವಿಷಯ. ನೀವು ಕೇಳದಿದ್ದರೂ ಇದನ್ನು ವಿವರವಾಗಿ ಹೇಳಬೇಕಾಗಿದೆ. ನಮ್ಮ ಕುಂಬಳೆ, ಮಂಜೇಶ್ವರದ ಕಡಲು ಪಡುವಣಕ್ಕೆ ಮುಖ ಮಾಡಿದೆ. ಬೆಳಿಗ್ಗೆ ನೆಲದ ಗಾಳಿ ನಮ್ಮನ್ನು ಮೆಲ್ಲನೆ ಹೊರಗೆ ಒಯ್ದರೆ, ಮಧ್ಯಾಹ್ನದ ಪಡುಗಾಳಿ ಮರಳಿ ದಡಕ್ಕೆ ತಳ್ಳುತ್ತದೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ದಣಿದಾಗ ಹುಟ್ಟು ಮಡಿಲಲ್ಲಿಟ್ಟು ಕುಳಿತರೂ ಊರು ಹತ್ತಿರವಾಗುತ್ತದೆಂಬ ಧೈರ್ಯ ಮೈಯಲ್ಲೇ ಇರುತ್ತದೆ. ಮಸ್ಕತ್‌ನಿಂದ ಸೂರ್‌ವರೆಗಿನ ಕಡಲು ಈಶಾನ್ಯಕ್ಕೆ ತೆರೆದಿದ್ದು, ಬೆನ್ನಿಗೆ ಹಜರ್ ಬೆಟ್ಟಗಳಿವೆ. ಅಲ್ಲಿ ಪಡುಗಾಳಿ ಎಂದರೆ ಹೊರಗೆ ನೂಕುವ ಗಾಳಿ. ಅದು ವಾದಿಗಳ, ಅಂದರೆ ಒಣಹೊಳೆಗಳ, ಬಾಯಿಯಿಂದ ಕೊಳವೆಯಲ್ಲಿ ಬಂದಂತೆ ನುಗ್ಗುತ್ತದೆ. ಬೆಟ್ಟದ ಮರೆಯಿರುವುದರಿಂದ ದಡದ ನೀರು ಕೆರೆಯಂತೆ ನಯವಾಗಿ ಕಾಣುತ್ತದೆ. ಅರ್ಧ ಕಿಲೋಮೀಟರ್ ಹೋದ ಮೇಲೆ ಬಿಳಿನೊರೆ ಏಳುತ್ತದೆ, ಆಗ ತಡವಾಗಿರುತ್ತದೆ.

ನಾನು ಆ ದೇಶದಲ್ಲಿ ಕೆಲಸದಲ್ಲಿದ್ದಾಗ ಕುರಿಯಾತ್ ಬಳಿ ಇದನ್ನು ಕಲಿತೆ. ಕಾರಿನ ಮೇಲಿಟ್ಟಿದ್ದ ಚಹಾದ ಫ್ಲಾಸ್ಕ್ ಬಿಸಿಲಿಗೆ ಹೊಳೆಯುವುದು ಕಾಣುತ್ತಿತ್ತು. ನೂರು ಹುಟ್ಟು ಹಾಕಿದರೂ ಅದು ಹತ್ತಿರವಾಗಲಿಲ್ಲ. ಕೊನೆಗೆ ನೇರ ದಡಕ್ಕೆ ಬರುವ ಹಟ ಬಿಟ್ಟು, ಗಾಳಿಗೆ ಓರೆಯಾಗಿ ಸಾಗಿ, ಬೆಟ್ಟದ ಚಾಚೊಂದರ ಮರೆ ಹಿಡಿದು, ಎರಡು ಗಂಟೆಯ ಬಳಿಕ ಬೇರೆಯೇ ಕೊಲ್ಲಿಯಲ್ಲಿ ಇಳಿದೆ. ಅಂದಿನಿಂದ ನೀರಿಗಿಳಿಯುವ ಮುನ್ನ ಒಂದು ಹಿಡಿ ಒಣ ಮರಳನ್ನು ಎದೆಯ ಎತ್ತರದಿಂದ ಉದುರಿಸಿ ನೋಡುತ್ತೇನೆ. ಅದು ಕಡಲ ಕಡೆ ಹಾರಿದರೆ ದಡದಿಂದ ಇನ್ನೂರು ಮೀಟರ್ ಮೀರುವುದಿಲ್ಲ. ಹೋದೊಡನೆ ಒಮ್ಮೆ ಗಾಳಿಗೆದುರಾಗಿ ಹುಟ್ಟು ಹಾಕಿ ಎಷ್ಟು ಸಾಗುತ್ತದೆಂದು ಪರೀಕ್ಷಿಸುತ್ತೇನೆ. ನೀವೂ ಹಾಗೆ ಮಾಡಿ. ಅಣ್ಣ ದಡದಲ್ಲೇ ಇದ್ದು, ನೀವು ಮರಳುವ ಗಂಟೆಯನ್ನು ಬರೆದಿಟ್ಟುಕೊಳ್ಳಲಿ. ಅಲ್ಲಿನ ತುರ್ತು ಸಂಖ್ಯೆ 9999.

ಕಾರಿನ ಮೇಲೆ ಕಯಾಕ್ ಅನ್ನು ಬೋರಲಾಗಿಟ್ಟು, ಎರಡು ಪಟ್ಟಿಗಳಲ್ಲದೆ ಮೂತಿ ಮತ್ತು ಬಾಲದಿಂದ ಬಂಪರಿಗೂ ಹಗ್ಗ ಕಟ್ಟಿ. ಪಟ್ಟಿಯನ್ನು ಒಂದು ಸುತ್ತು ತಿರುಚಿ ಬಿಗಿದರೆ ಹೆದ್ದಾರಿಯ ವೇಗದಲ್ಲಿ ಅದು ಗುಂಯ್‌ಗುಡುವುದಿಲ್ಲ. ಅತಿಯಾಗಿ ಬಿಗಿಯಬೇಡಿ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ತಗ್ಗಿಬಿಡುತ್ತದೆ. ನೀರು ಬಸಿಯುವ ಬಿರಡೆಯನ್ನು ಎಂದೂ ಬಿಚ್ಚಿ ಕಾರಿನೊಳಗೆ ಇಡಬೇಡಿ, ಕಯಾಕ್‌ಗೇ ದಾರದಿಂದ ಕಟ್ಟಿರಿ. ಏಕೆಂದು ಕೇಳಿದರೆ ನನಗೆ ಇನ್ನೊಂದು ಕಥೆ ಹೇಳಬೇಕಾಗುತ್ತದೆ.

ಅಲ್ಲಿ ನಿಮಗೆ ಬೇಕಾದ ಮೀನು ಅಂಜಲ್. ನಮ್ಮ ಮಲಯಾಳಿ ನೆರೆಯವರ ಅಯಕೂರ. ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅದನ್ನು ಹಿಡಿಯುವುದು ನಿಷಿದ್ಧ, ಡಿಸೆಂಬರಿನಲ್ಲಿ ಅಡ್ಡಿಯಿಲ್ಲ. ಹವ್ಯಾಸಕ್ಕೆ ಮೀನು ಹಿಡಿಯುವವರಿಗೂ ಪರವಾನಗಿ ಬೇಕು. ಮಸ್ಕತ್‌ನ ಪಡುವಣಕ್ಕಿರುವ ದಯ್ಮಾನಿಯಾತ್ ದ್ವೀಪಗಳೂ ಸೂರ್‌ನಾಚೆಯ ರಾಸ್ ಅಲ್ ಹದ್ದ್ ಆಮೆ ತಾಣವೂ ರಕ್ಷಿತ ಪ್ರದೇಶಗಳಾದ್ದರಿಂದ ಅಲ್ಲಿ ಗಾಳ ತೆಗೆಯಲೇಬೇಡಿ. ಅಂಜಲ್‌ನ ಹಲ್ಲು ನೈಲಾನ್ ದಾರವನ್ನು ಕತ್ತರಿಯಂತೆ ಕತ್ತರಿಸುವುದರಿಂದ ಕೊಕ್ಕೆಯ ಮುಂದೆ ಒಂದು ಗೇಣು ಉಕ್ಕಿನ ತಂತಿ ಇರಲಿ. ಕಚ್ಚಿದ ಮೀನು ಮೊದಲು ನಿಮ್ಮನ್ನೇ ಎಳೆದುಕೊಂಡು ಓಡುತ್ತದೆ. ಎಳೆಯಲು ಬಿಡಿ, ಆದರೆ ಅದು ಯಾವ ದಿಕ್ಕಿಗೆ ಎಳೆಯುತ್ತಿದೆಯೆಂಬುದು ನೆನಪಿರಲಿ.

ಡಿಸೆಂಬರಿಗೆ ಮುನ್ನ ಶಿರಿಯ ಹಿನ್ನೀರಿನಲ್ಲಿ, ಆಳು ಮುಳುಗುವ ಜಾಗದಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು, ಲೈಫ್ ಜಾಕೆಟ್ ಧರಿಸಿಯೇ ಹತ್ತು ಬಾರಿ ಬೇಕೆಂದೇ ಕಯಾಕ್ ಮಗುಚಿ. ಅಡ್ಡಲಾಗಿ ಹೊಟ್ಟೆ ಮೇಲೆ ಹತ್ತಿ, ಹೊರಳಿ, ಕುಳಿತು, ಕಾಲು ಒಳಗೆಳೆದುಕೊಳ್ಳುವುದು ಹತ್ತರಲ್ಲಿ ಹತ್ತು ಸಲವೂ ಸಾಧ್ಯವಾದರೆ ಸೂರ್‌ವರೆಗೆ ಹೋಗಿ. ಎಂಟೇ ಸಲವಾದರೆ ಮಸ್ಕತ್ ಪಕ್ಕದ ಬಂದರ್ ಖೈರಾನ್‌ನ ಮರೆಯಾದ ಕೊಲ್ಲಿಗಳಲ್ಲಿ ಹುಟ್ಟು ಹಾಕಿ, ಅಂಜಲನ್ನು ಮುತ್ರಾದ ಮೀನು ಮಾರುಕಟ್ಟೆಯಲ್ಲಿ ಕೊಂಡು ತನ್ನಿ.