ಪೈರಸಿ ಕಾಪಿಯಲ್ಲಿ ಒಂದು ಸಿನಿಮಾ ನೋಡಿದರೆ ನಿಜಕ್ಕೂ ಯಾರಿಗೆ ನಷ್ಟ?

"ಹೇಗೂ ಟಿಕೆಟ್ ತಗೊಂಡು ನೋಡುತ್ತಿರಲಿಲ್ಲ, ಮೊಬೈಲಿಗೆ ಬಂದ ಕಾಪಿ ನೋಡಿದೆ. ಇದರಿಂದ ಯಾರಿಗೇನು ನಷ್ಟ?" ಅಂತ ಕೇಳಿದ್ದೀರಿ. ನಾನು ಸಣ್ಣ ಬಜೆಟ್ಟಿನ ಕನ್ನಡ ಚಿತ್ರಗಳಲ್ಲಿ ಸಹಾಯಕ ನಿರ್ದೇಶಕ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಬೆಂಗಳೂರಿನ ಎಷ್ಟೋ ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳು ವಾರದ ಬಾಡಿಗೆ ಮೇಲೆ ನಡೆಯುತ್ತವೆ. ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಲೇಬೇಕು. ಸ್ಟಾರ್ ಸಿನಿಮಾಕ್ಕೆ ಮೊದಲ ದಿನವೇ ಹೌಸ್‌ಫುಲ್ ಬೋರ್ಡ್ ಬೀಳುತ್ತದೆ. ನಮ್ಮಂಥವಕ್ಕೆ ಶುಕ್ರವಾರ ಮಾರ್ನಿಂಗ್ ಶೋಗೆ ಇಪ್ಪತ್ತು ಮೂವತ್ತು ಜನ ಬಂದರೆ ಹೆಚ್ಚು. ಅವರು ಹೊರಗೆ ಬಂದು ನಾಲ್ಕು ಜನಕ್ಕೆ "ಚೆನ್ನಾಗಿದೆ ಕಣೋ" ಅನ್ನಬೇಕು, ಭಾನುವಾರದ ಹೊತ್ತಿಗೆ ಸೀಟು ತುಂಬಬೇಕು. ಸೋಮವಾರದ ಕಲೆಕ್ಷನ್ ನೋಡಿ ಎರಡನೇ ವಾರ ಉಂಟೋ ಇಲ್ಲವೋ ಅಂತ ತೀರ್ಮಾನವಾಗುತ್ತದೆ.

ನಾನು ದುಡಿದ ಒಂದು ಚಿತ್ರಕ್ಕೆ ಹೀಗೇ ಒಳ್ಳೆಯ ಮಾತು ಹಬ್ಬುತ್ತಿತ್ತು. ಶನಿವಾರ ಸಂಜೆ ಊರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ನಿಮ್ಮ ಸಿನಿಮಾ ಸೂಪರ್! ನಮ್ಮ ಗ್ರೂಪಿನಲ್ಲಿ ಎಲ್ಲರೂ ನೋಡಿದ್ವಿ." ನಮ್ಮೂರ ಕಡೆ ಅದು ಬಿಡುಗಡೆಯೇ ಆಗಿರಲಿಲ್ಲ. ಯಾರೋ ಚಿತ್ರಮಂದಿರದಲ್ಲಿ ಕೂತು ಮೊಬೈಲಿನಲ್ಲಿ ಹಿಡಿದ ಕಾಪಿ ಅದು. ಮಧ್ಯೆ ಮಧ್ಯೆ ಯಾರದ್ದೋ ತಲೆ ಅಡ್ಡ ಬರುತ್ತದೆ. ನಮ್ಮ ಸೌಂಡ್ ಹುಡುಗರು ರಾತ್ರಿಯೆಲ್ಲ ಕೂತು ಕೂಡಿಸಿದ ಮಳೆಯ ಸದ್ದು ಅದರಲ್ಲಿ ಬರೀ ಗೊರಗೊರ. ಅವನಿಗೆ ಬೈಯಲು ಮನಸ್ಸು ಬರಲಿಲ್ಲ. ಪ್ರೀತಿಯಿಂದಲೇ ನೋಡಿದ್ದ, ಅಲ್ವಾ?

ಎರಡನೇ ವಾರ ಸಿಗಲಿಲ್ಲ. ಬರೀ ಲೀಕ್‌ನಿಂದಲೇ ಹೀಗಾಯಿತು ಅನ್ನುವುದಿಲ್ಲ, ನಮಗೆ ಸಿಕ್ಕ ಶೋ ಟೈಮಿಂಗೂ ಚೆನ್ನಾಗಿರಲಿಲ್ಲ. ಆದರೆ ಟಿಕೆಟ್ ಆಗಬೇಕಿದ್ದ ಮಾತು ಫಾರ್ವರ್ಡ್ ಆಗಿಹೋಯಿತು. ಒಟಿಟಿಯವರು ಮೊದಲು ಕೇಳಿದ್ದೇ ಥಿಯೇಟರ್ ಕಲೆಕ್ಷನ್ ಎಷ್ಟು ಅಂತ. ಹಲವರ ಬಾಕಿ ಸಂಭಾವನೆ ಹಾಗೇ ಉಳಿಯಿತು. ಆ ನಿರ್ಮಾಪಕರು ಮತ್ತೆ ಸಿನಿಮಾ ಕಡೆ ಬರಲಿಲ್ಲ.

ಕಾನೂನು ಗಟ್ಟಿಯಾಗಿಯೇ ಇದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಪ್ರಕಾರ ಚಿತ್ರಮಂದಿರದಲ್ಲಿ ಕದ್ದು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರುವಾಗಿ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ಕರ್ನಾಟಕದ ಗೂಂಡಾ ಕಾಯ್ದೆಯಲ್ಲೂ ವಿಡಿಯೋ ಪೈರಸಿ ಸೇರಿದೆ. ಡಿಜಿಟಲ್ ಪ್ರಿಂಟಿನಲ್ಲಿ ಕಣ್ಣಿಗೆ ಕಾಣದ ಗುರುತು ಇರುವುದರಿಂದ, ಯಾವ ಚಿತ್ರಮಂದಿರದಲ್ಲಿ ಯಾವಾಗ ಹಿಡಿದದ್ದು ಅಂತ ಪತ್ತೆ ಹಚ್ಚಬಹುದು. ಬರೀ ನೋಡಿದವರ ಹಿಂದೆ ಪೊಲೀಸರು ಬೀಳುವುದು ಅಪರೂಪ. ಹಂಚಿದರೆ ಮಾತ್ರ ನೀವೂ ಅದರಲ್ಲಿ ಪಾಲುದಾರರೇ.

ನಿಮ್ಮೂರಿನಲ್ಲಿ ಚಿತ್ರಮಂದಿರ ಇಲ್ಲದಿದ್ದರೆ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ದಯವಿಟ್ಟು ಒಟಿಟಿಗೋ ಟಿವಿಗೋ ಬರುವವರೆಗೆ ಕಾಯಿರಿ. ಲಿಂಕ್ ಬಂದರೆ ಮುಂದಕ್ಕೆ ಕಳಿಸದೆ, ಆ ಚಿತ್ರತಂಡದ ಪೇಜಿಗೆ ತಿಳಿಸಿ. ಕೇಂದ್ರದ ಅಧಿಕಾರಿಗಳಿಗೆ ದೂರು ಕೊಟ್ಟರೆ 48 ಗಂಟೆಯೊಳಗೆ ತೆಗೆಸುವ ವ್ಯವಸ್ಥೆ 2023ರಿಂದ ಇದೆ. ಆದರೆ ಶನಿವಾರ ಸಂಜೆ ದೂರು ಕೊಟ್ಟರೆ 48 ಗಂಟೆ ಮುಗಿಯುವುದು ಸೋಮವಾರ ಸಂಜೆಗೆ. ಅದಕ್ಕೇ ನೀವು ಒಂದು ಗಂಟೆ ಮೊದಲು ತಿಳಿಸಿದರೂ ನಮಗೆ ದೊಡ್ಡ ಸಹಾಯ.